ಪೆಟ್ಟಿಗೆಗೆ ಕೋಟಿ, ಹೆಜ್ಜೇನಿಗೆ ವಿಷ

ಪುಣೆಯ ಗಣೇಶಖಿಂಡ್ ರಸ್ತೆಯಲ್ಲಿ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಇದೆ. ಖಾದಿ ಗ್ರಾಮೋದ್ಯೋಗ ಆಯೋಗದ ಕೈಕೆಳಗೆ 1962ರಿಂದ ದೇಶಕ್ಕೆಲ್ಲ ಜೇನಿನ ಪಾಠ ಹೇಳುತ್ತಿರುವ ಸಂಸ್ಥೆ ಅದು. ಅದೇ ರಸ್ತೆಯ ಅಗಲೀಕರಣಕ್ಕೆಂದು ಮರಗಳಿಗೆ ಕೊಡಲಿ ಬಿತ್ತು. ಜಗಳ ಬಾಂಬೆ ಹೈಕೋರ್ಟ್ ಮೆಟ್ಟಿಲೇರಿತು. ನದಿದಂಡೆಯ ಮರಗಳಿಗಾಗಿ ಇದೇ ಊರಿನವರು 2023ರ ಏಪ್ರಿಲ್ 29ರಂದು ಚಿಪ್ಕೊ ಮೆರವಣಿಗೆ ಹೊರಟರು. ಮರದ ಪರ ಕೂಗಲು ಅಷ್ಟಾದರೂ ಜನ ಇದ್ದಾರೆ. ಆ ಮರದ ಕೊಂಬೆಗೆ ಕಟ್ಟಿದ ಹೆಜ್ಜೇನಿನ ಪರ ಯಾರಿದ್ದಾರೆ?

ಮರ ಕಡಿಯಲು ಪಾಲಿಕೆಯ ಅನುಮತಿ ಬೇಕು. ಜೇನು ಕೊಲ್ಲಲು ಒಂದು ಫೋನ್ ಸಾಕು. ಕತ್ತಲಾದ ಮೇಲೆ ಪೆಸ್ಟ್ ಕಂಟ್ರೋಲ್‌ನವರು ಬೆನ್ನಿಗೆ ಪಂಪು ಕಟ್ಟಿಕೊಂಡು ಬರುತ್ತಾರೆ. ಬೆಳಗಾದರೆ ಪಾರ್ಕಿಂಗ್ ತುಂಬ ಕಂದು ರಾಶಿ. ಅರೆಜೀವವಾದವು ಬೆನ್ನ ಮೇಲೆ ಬಿದ್ದು, ರೆಕ್ಕೆ ಬಡಿಯುತ್ತ ಗಿರಗಿರ ಸುತ್ತುತ್ತಿರುತ್ತವೆ. ವಾಚ್‌ಮನ್ ಪೊರಕೆಯಿಂದ ಗುಡಿಸಿ ಸಿಮೆಂಟ್ ಚೀಲಕ್ಕೆ ತುಂಬುತ್ತಾನೆ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ‘ಪ್ರಾಬ್ಲಂ ಸಾಲ್ವ್ಡ್’ ಎಂಬ ಸಂದೇಶ, ಅದರ ಕೆಳಗೆ ಸಾಲುಸಾಲು ಹೆಬ್ಬೆರಳು. ಮೇಲೆ ಉಳಿದ ಹುಟ್ಟಿನಲ್ಲಿ ವಿಷ ಬೆರೆತ ತುಪ್ಪ ಇರುತ್ತದೆ. ಅದನ್ನು ಹೀರಲು ಬಂದ ಬೇರೆ ಜೇನುಗಳೂ ಸಾಯುತ್ತವೆ.

ಹೆಜ್ಜೇನಿನ ಹಿಂಡು ಎರಗಿದರೆ ಪ್ರಾಣಕ್ಕೇ ಅಪಾಯ, ನಿಜ. ಆದರೆ ಅದು ಸುಮ್ಮಸುಮ್ಮನೆ ಎರಗುವುದಿಲ್ಲ. ಕಲ್ಲು, ಹೊಗೆ, ಕೆಣಕುವ ಕೈ ಇಲ್ಲದಿದ್ದರೆ ತನ್ನ ಪಾಡಿಗೆ ಇರುತ್ತದೆ. ಹೂವಿನ ಕಾಲ ಮುಗಿದರೆ ತಾನೇ ಎದ್ದು ಹೋಗುತ್ತದೆ. ಅಷ್ಟು ದಿನ ಕಾಯುವ ತಾಳ್ಮೆ ನಮಗಿಲ್ಲ.

ಸರ್ಕಾರ ಏನೂ ಮಾಡಿಲ್ಲವೇ? ಮಾಡಿದೆ. 2017ರಲ್ಲಿ ಖಾದಿ ಆಯೋಗದ ಹನಿ ಮಿಷನ್. 2020ರಲ್ಲಿ 500 ಕೋಟಿ ರೂಪಾಯಿಯ ರಾಷ್ಟ್ರೀಯ ಜೇನುಸಾಕಣೆ ಮತ್ತು ಜೇನುತುಪ್ಪ ಮಿಷನ್. ಅದಕ್ಕೆ ‘ಸಿಹಿ ಕ್ರಾಂತಿ’ ಎಂಬ ಬಿರುದು ಬೇರೆ. ಪೆಟ್ಟಿಗೆ ಎಷ್ಟು ಹಂಚಿದೆವು, ತುಪ್ಪ ಎಷ್ಟು ಟನ್ ಬಂತು, ಎಷ್ಟು ರಫ್ತಾಯಿತು ಎಂಬುದೇ ಈ ಕ್ರಾಂತಿಯ ಲೆಕ್ಕ. ಸಾಕುವವರಿಗೆ ಪೆಟ್ಟಿಗೆ ಕೊಡಲಿ, ಬೇಡವೆನ್ನುವುದಿಲ್ಲ. ಆದರೆ ಹೆಜ್ಜೇನು ಪೆಟ್ಟಿಗೆಯಲ್ಲಿ ಬಾಳುವ ಜೀವವಲ್ಲ. ಬಯಲಲ್ಲಿ ಒಂದೇ ಹುಟ್ಟು ಕಟ್ಟಿ, ಊರೂರು ವಲಸೆ ಹೋಗಿ, ಹೊಲ ಕಾಡುಗಳ ಪರಾಗಸ್ಪರ್ಶ ಮಾಡುವ ಈ ಕೂಲಿಯಿಲ್ಲದ ಕೆಲಸಗಾರ ನಿಮ್ಮ ಲೆಕ್ಕದ ಪುಸ್ತಕದಲ್ಲಿ ಎಲ್ಲಿದ್ದಾನೆ?

ಇತ್ತ ಪೆಸ್ಟ್ ಕಂಟ್ರೋಲ್‌ನವರಿಗೆ 1968ರ ಕೀಟನಾಶಕ ಕಾಯ್ದೆಯಡಿ ಲೈಸೆನ್ಸ್ ಕೊಡುವುದೂ ಸರ್ಕಾರವೇ. 2020ರಲ್ಲಿ 27 ಕೀಟನಾಶಕಗಳ ನಿಷೇಧಕ್ಕೆ ಕರಡು ಹೊರಡಿಸಿತು. ಜೇನಿಗೆ ಮಾರಕ ಎಂಬುದೂ ಅದರಲ್ಲಿ ಕೊಟ್ಟ ಕಾರಣಗಳಲ್ಲೊಂದು. 2023ಕ್ಕೆ ಬರುವಷ್ಟರಲ್ಲಿ ನಿಷೇಧ ಬೆರಳೆಣಿಕೆಯವಕ್ಕೆ ಇಳಿಯಿತು. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದೆಂದರೆ ಇದೇ.

1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಕರ್ನಾಟಕದ ತುಡುವೆ ಜೇನು ಪೆಟ್ಟಿಗೆ ಪೆಟ್ಟಿಗೆಯಾಗಿ ನಾಶವಾಯಿತು. ಮಲೆನಾಡು, ಕೊಡಗಿನ ಸಾಕಣೆದಾರರು ಖಾಲಿ ಪೆಟ್ಟಿಗೆ ಮುಂದೆ ಕೂತರು. ಅದು ರೋಗ, ಅದಕ್ಕೆ ವಿವೇಕವಿಲ್ಲ. ಇಲ್ಲಿ ಓದಿದವರು ಮೀಟಿಂಗ್ ಕರೆದು, ಠರಾವು ಮಾಡಿ, ಬಿಲ್ ಪಡೆದು ಕೊಲ್ಲಿಸುತ್ತಿದ್ದಾರೆ.

ದಾರಿ ಗೊತ್ತಿಲ್ಲದೆ ಹೀಗಾಗುತ್ತಿಲ್ಲ. ಮರಿಯಿರುವ ಭಾಗ ಉಳಿಸಿ ತುಪ್ಪದ ಭಾಗ ಮಾತ್ರ ಕೊಯ್ದರೆ ಹೆಜ್ಜೇನು ಬದುಕುತ್ತದೆಂದು ಕಾಡಿನ ಜನರಿಗೆ ತರಬೇತಿ ಕೊಟ್ಟದ್ದೇ ಗಣೇಶಖಿಂಡ್ ರಸ್ತೆಯ ಆ ಸಂಸ್ಥೆ. ಪಕ್ಕದ ಸಾತಾರಾ ಜಿಲ್ಲೆಯ ಮಾಂಘರ್ 2022ರಲ್ಲಿ ದೇಶದ ಮೊದಲ ‘ಜೇನಿನ ಊರು’ ಎನಿಸಿಕೊಂಡಿತು. ಹಳ್ಳಿಗೆ ಬರುವ ಬುದ್ಧಿ ಮಹಾನಗರಕ್ಕೆ ಯಾಕೆ ಬರುವುದಿಲ್ಲ?

ಕೇಳುವುದು ದೊಡ್ಡದೇನಲ್ಲ. ಜೇನಿಗೆ ವಿಷ ಹೊಡೆಯುವವರ ಲೈಸೆನ್ಸ್ ರದ್ದು ಮಾಡಿ. ಹುಟ್ಟನ್ನು ಕೊಲ್ಲದೆ ತೆರವು ಮಾಡಬಲ್ಲ ತಂಡವನ್ನು ಪಾಲಿಕೆಯಿಂದ ನೇಮಿಸಿ, ಅದರ ನಂಬರನ್ನು ಪ್ರತಿ ಸೊಸೈಟಿಯ ಗೇಟಿನಲ್ಲಿ ಬರೆಸಿ. ಮರ ಕಡಿಯುವ ಅರ್ಜಿಯಲ್ಲಿ ಹುಟ್ಟಿದೆಯೇ ಎಂಬ ಕಲಮು ಸೇರಿಸಿ. ನಿಷೇಧದ ಪಟ್ಟಿಯಿಂದ ಕೈಬಿಟ್ಟ ಕೀಟನಾಶಕಗಳನ್ನು ಯಾರ ಒತ್ತಡಕ್ಕೆ ಕೈಬಿಟ್ಟಿರೆಂದು ಹೇಳಿ. ಇಷ್ಟೂ ಆಗದಿದ್ದರೆ ಮೇ 20ರ ವಿಶ್ವ ಜೇನು ದಿನದ ಬ್ಯಾನರನ್ನಾದರೂ ಕಟ್ಟಬೇಡಿ. ಕೊಂದವರೇ ತಿಥಿಯೂಟ ಹಾಕಿಸುವುದನ್ನು ನಾವು ನೋಡಲಾರೆವು.