ಗೃಹಚಿಂತನೆ: ಪರದೇಶದ ಮನೆಯಲ್ಲಿ ಮಕ್ಕಳ ಮಾತು

ನಮ್ಮ ವಾಚಕರಲ್ಲಿ ಮಗನನ್ನೋ ಮಗಳನ್ನೋ ಸಮುದ್ರದಾಚೆಗೆ ಕಳುಹಿಸಿ, ಮೊಮ್ಮಕ್ಕಳ ಮುಖವನ್ನು ಮೊಬೈಲಿನ ಪರದೆಯ ಮೇಲೆ ಕಂಡು ಸಂತೋಷಪಡುವ ಹಿರಿಯರು ಅನೇಕರಿದ್ದಾರೆ. ಹಿಂದೆ ಪರದೇಶಕ್ಕೆ ಹೋಗುವುದೆಂದರೆ ತರುಣನೊಬ್ಬನು ವಿದ್ಯಾರ್ಜನೆಗಾಗಿ ಪೆಟ್ಟಿಗೆ ಹಿಡಿದು ಹೊರಡುವುದೆಂದು ಅರ್ಥವಾಗಿತ್ತು. ಎರಡು ಮೂರು ವರ್ಷಗಳಲ್ಲಿ ಪದವಿಯನ್ನು ಪಡೆದು ಅವನು ಊರಿಗೆ ಹಿಂದಿರುಗುತ್ತಿದ್ದನು. ಈಗ ಹೋಗುವುದು ಒಬ್ಬನಲ್ಲ, ಸಂಸಾರ. ಗಂಡಹೆಂಡಿರು ಅಲ್ಲಿಯೇ ಮನೆ ಹೂಡುವರು, ಮಕ್ಕಳು ಅಲ್ಲಿಯೇ ಹುಟ್ಟುವರು, ಅಲ್ಲಿಯೇ ಮೊದಲ ಹೆಜ್ಜೆಯನ್ನಿಡುವರು. ಹೀಗಿರುವಾಗ ಆ ಮಕ್ಕಳ ಪಾಲನೆಯಲ್ಲಿ ಯಾವ ಭಾಗ ಸುಲಭವಾದುದು, ಯಾವುದು ಕಠಿನವಾದುದು ಎಂಬುದನ್ನು ವಿಚಾರಿಸುವುದು ಗೃಹಸ್ಥರಿಗೆಲ್ಲ ಉಪಯುಕ್ತವೆಂದು ಭಾವಿಸುತ್ತೇವೆ. ದೇಶದೇಶಕ್ಕೆ ಪದ್ಧತಿ ಬೇರೆಯಾದುದರಿಂದ, ನಮ್ಮವರು ಈಚೆಗೆ ಹೆಚ್ಚು ಸಂಖ್ಯೆಯಲ್ಲಿ ನೆಲಸುತ್ತಿರುವ ಜರ್ಮನಿಯೊಂದನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ.

ಮೊದಲು ಅನುಕೂಲಗಳನ್ನು ಹೇಳುವುದು ನ್ಯಾಯ. ಆ ದೇಶದಲ್ಲಿ ಕೆಲಸಕ್ಕೆ ಹೋಗುವ ಗರ್ಭಿಣಿಗೆ ಹೆರಿಗೆಗೆ ಮುಂಚೆ 6 ವಾರ, ಅನಂತರ 8 ವಾರ ವಿಶ್ರಾಂತಿಯು ಕಾನೂನಿನಿಂದಲೇ ದೊರೆಯುತ್ತದೆ. ಬಾಣಂತಿಯನ್ನೂ ಕೂಸನ್ನೂ ನೋಡಿಕೊಳ್ಳಲು ತರಬೇತಿ ಪಡೆದ ಸೂಲಗಿತ್ತಿಯು 12 ವಾರಗಳವರೆಗೆ ಮನೆಗೇ ಬಂದು ಹೋಗುವಳು. ಅದರ ವೆಚ್ಚವನ್ನು ಸಾರ್ವಜನಿಕ ಆರೋಗ್ಯವಿಮೆಯು ಭರಿಸುವುದು. ಕೂಸಿಗೆ ಹಾಲೂಡಿಸುವ ರೀತಿ, ಹೊಕ್ಕುಳ ಆರೈಕೆ, ತಾಯಿಯ ನಿದ್ರೆ, ಇವೆಲ್ಲವನ್ನೂ ಅವಳು ವಿಚಾರಿಸುವಳು. ತವರುಮನೆ ದೂರವಾದ ನಮ್ಮ ಹೆಣ್ಣುಮಕ್ಕಳಿಗೆ ಇದೊಂದು ದೊಡ್ಡ ಧೈರ್ಯ. ಅಲ್ಲದೆ ಪ್ರತಿಯೊಂದು ಮಗುವಿನ ಸಲುವಾಗಿ ತಂದೆಗೂ ತಾಯಿಗೂ ತಲಾ 3 ವರ್ಷಗಳವರೆಗೆ, ಉದ್ಯೋಗಕ್ಕೆ ಚ್ಯುತಿಯಿಲ್ಲದಂತೆ ರಜೆ ಪಡೆಯುವ ಹಕ್ಕಿದೆ. ತಂದೆಯಾದವನು ತಿಂಗಳುಗಟ್ಟಲೆ ಮನೆಯಲ್ಲಿದ್ದು ಕೂಸಿಗೆ ಸ್ನಾನ ಮಾಡಿಸುವುದನ್ನು ಅಲ್ಲಿ ಯಾರೂ ವಿಚಿತ್ರವೆಂದು ನೋಡುವುದಿಲ್ಲ. ಈ ಒಂದು ವಿಷಯವನ್ನು ನಮ್ಮ ಊರಿನ ಗೃಹಸ್ಥರೂ ಮನಸ್ಸಿಗೆ ತಂದುಕೊಳ್ಳಬಹುದು.

ಶಿಶುವಿಹಾರಗಳ ತವರು ಆ ದೇಶವೇ. ಫ್ರೆಡ್ರಿಕ್ ಫ್ರೋಬೆಲನು 1840ರಲ್ಲಿ ‘ಕಿಂಡರ್‌ಗಾರ್ಟನ್’ ಎಂಬ ಹೆಸರನ್ನಿಟ್ಟದ್ದು ಅಲ್ಲಿಯೇ. ಆ ಮಾತಿಗೆ ಮಕ್ಕಳ ತೋಟವೆಂದು ಅರ್ಥ. 2013ರ ಆಗಸ್ಟ್ ತಿಂಗಳಿಂದ ಒಂದು ವರ್ಷ ತುಂಬಿದ ಪ್ರತಿಯೊಂದು ಮಗುವಿಗೂ ಇಂಥ ವಿಹಾರದಲ್ಲಿ, ಇಲ್ಲವೆ ಮಕ್ಕಳನ್ನು ಮನೆಯಲ್ಲಿ ನೋಡಿಕೊಳ್ಳುವ ಪರವಾನಗಿಯುಳ್ಳವರ ಬಳಿಯಲ್ಲಿ, ಸ್ಥಳ ಪಡೆಯುವ ಕಾನೂನುಬದ್ಧ ಹಕ್ಕಿದೆ. ಹಕ್ಕಿದ್ದರೂ ಅನೇಕ ನಗರಗಳಲ್ಲಿ ಸ್ಥಳ ಸಾಲದು. ಆದಕಾರಣ ಬಸಿರಿನಲ್ಲಿರುವಾಗಲೇ ಹೆಸರು ಬರೆಸುವವರೂ ಉಂಟು. ಸೇರಿದ ಮೇಲೆ ಮಗುವನ್ನು ಮೊದಲ ದಿನವೇ ಬಾಗಿಲಲ್ಲಿ ಬಿಟ್ಟು ಬರುವ ಕ್ರಮವಿಲ್ಲ. ತಾಯಿಯೋ ತಂದೆಯೋ ಕೆಲವು ವಾರ ಜೊತೆಯಲ್ಲಿದ್ದು, ಮೊದಲು ಕಾಲು ಗಂಟೆ, ಆಮೇಲೆ ಒಂದು ಗಂಟೆ, ಹೀಗೆ ಸ್ವಲ್ಪಸ್ವಲ್ಪವಾಗಿ ಅಗಲಿಕೆಯನ್ನು ಅಭ್ಯಾಸ ಮಾಡಿಸುವರು.

ಇನ್ನು ಕಷ್ಟವೆಲ್ಲಿದೆ? ಬರ್ಲಿನ್ ನಗರದಲ್ಲಿ ಡಿಸೆಂಬರ್ ತಿಂಗಳ ಕೊನೆಗೆ ಬೆಳಗ್ಗೆ ಎಂಟು ಗಂಟೆ ಕಳೆದ ಮೇಲೆ ಸೂರ್ಯೋದಯ. ಸಂಜೆ ನಾಲ್ಕು ಹೊಡೆಯುವುದರೊಳಗೆ ಅಸ್ತಮಾನ. ಬಿಸಿಲಿನ ಅಭಾವದ ಕಾರಣ ಕೂಸುಗಳಿಗೆ ಮೊದಲ ವರ್ಷ ಪ್ರತಿದಿನವೂ ‘ಡಿ’ ಜೀವಸತ್ತ್ವವನ್ನು ಕೊಡುವ ಪದ್ಧತಿಯಿದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಬೀದಿಗಳು ನಿಶ್ಶಬ್ದ. ಆದರೆ ಚಳಿಗೆ ಬಟ್ಟೆಯುಂಟು, ಕತ್ತಲೆಗೆ ದೀಪವುಂಟು. ಇವಕ್ಕಿಂತ ದೊಡ್ಡ ಕೊರತೆ ಬೇರೊಂದಿದೆ. ನಮ್ಮ ಊರಿನಲ್ಲಿ ಮಗುವನ್ನು ಬೆಳೆಸುವವರು ತಾಯಿತಂದೆಗಳಿಬ್ಬರೇ ಎಂದು ನಾವು ತಿಳಿದಿದ್ದರೂ ವಾಸ್ತವವಾಗಿ ಹಾಗಲ್ಲ. ಜಗುಲಿಯ ಮೇಲೆ ಕುಳಿತ ತಾತ, ಅಡಿಗೆಮನೆಯ ಅಜ್ಜಿ, ಪಕ್ಕದ ಮನೆಯ ಅತ್ತೆ, ಹೂವು ಮಾರುವವಳು, ಸೊಪ್ಪಿನವಳು, ಎಲ್ಲರೂ ಯಾರ ಅಪ್ಪಣೆಯೂ ಇಲ್ಲದೆ ಆ ಮಗುವಿಗೆ ಮಾತು ಕಲಿಸುತ್ತಿರುತ್ತಾರೆ. ಪರದೇಶದ ಮೂರನೆಯ ಮಹಡಿಯ ಮನೆಯಲ್ಲಿ ಇವರೆಲ್ಲರ ಕೆಲಸವೂ ಇಬ್ಬರ ಹೆಗಲಿಗೆ ಬೀಳುತ್ತದೆ. ಆ ಇಬ್ಬರೂ ಸಂಜೆಯವರೆಗೆ ಉದ್ಯೋಗದಲ್ಲಿದ್ದು ದಣಿದು ಬಂದವರಾಗಿರುತ್ತಾರೆ.

ಇದರ ಫಲವು ಮೊದಲು ಕಾಣುವುದು ಮಗುವಿನ ಭಾಷೆಯಲ್ಲಿ. ಶಿಶುವಿಹಾರಕ್ಕೆ ಸೇರುವವರೆಗೆ ಕನ್ನಡವನ್ನೇ ಆಡುತ್ತಿದ್ದ ಮಗು ಕೆಲವೇ ತಿಂಗಳುಗಳಲ್ಲಿ ಜರ್ಮನ್ ಭಾಷೆಯಲ್ಲಿ ಉತ್ತರ ಕೊಡತೊಡಗುತ್ತದೆ. ಕನ್ನಡದಲ್ಲಿ ಹೇಳಿದುದು ಅದಕ್ಕೆ ಅರ್ಥವಾಗುತ್ತದೆ. ತಿರುಗಿ ಹೇಳುವುದು ಮಾತ್ರ ಬೇರೆ ಭಾಷೆಯಲ್ಲಿ. ಕಾಲಕ್ರಮದಲ್ಲಿ ತಂದೆತಾಯಿಗಳೂ ಅದೇ ಭಾಷೆಗೆ ಜಾರುವರು. ಇದನ್ನು ಕಂಡು ‘ಎರಡು ಭಾಷೆಯಿಂದ ಮಗುವಿನ ಬುದ್ಧಿಗೆ ಗೊಂದಲ, ಮನೆಯಲ್ಲಿಯೂ ಶಾಲೆಯ ಭಾಷೆಯನ್ನೇ ಆಡಿರಿ’ ಎಂದು ಉಪದೇಶಿಸುವವರಿದ್ದಾರೆ. ಇದು ಸರಿಯಲ್ಲ. ಹುಟ್ಟಿನಿಂದಲೇ ಎರಡು ಭಾಷೆಗಳನ್ನು ಕೇಳುವ ಮಕ್ಕಳು ಎರಡನ್ನೂ ಕಲಿಯಬಲ್ಲರೆಂಬುದು ಭಾಷಾಶಾಸ್ತ್ರಜ್ಞರ ಪರೀಕ್ಷೆಯಿಂದ ಸಿದ್ಧವಾಗಿದೆ. ಒಂದೇ ವಾಕ್ಯದಲ್ಲಿ ಎರಡು ಭಾಷೆಯ ಪದಗಳನ್ನು ಬೆರೆಸುವುದು ರೋಗವಲ್ಲ. ಕೈಗೆ ಸಿಕ್ಕಿದ ಪದವನ್ನು ಉಪಯೋಗಿಸುವ ಜಾಣತನ ಅದು. ಮೈಸೂರಿನ ಎಷ್ಟೋ ಮನೆಗಳಲ್ಲಿ ಮಕ್ಕಳು ಒಳಗೆ ತೆಲುಗನ್ನೋ ತಮಿಳನ್ನೋ ಆಡಿ, ಬೀದಿಯಲ್ಲಿ ಕನ್ನಡವನ್ನಾಡಿ ಬೆಳೆದದ್ದನ್ನು ನಾವೇ ಕಂಡಿಲ್ಲವೆ?

ಆದರೆ ತಾನಾಗಿಯೇ ಬರುವುದೆಂದು ಸುಮ್ಮನಿರುವುದೂ ಸರಿಯಲ್ಲ. ಬೆಲ್ಜಿಯಂ ದೇಶದ ಡಚ್ ಭಾಷೆಯ ಸೀಮೆಯಲ್ಲಿ, ಮನೆಯೊಳಗೆ ಬೇರೆ ಭಾಷೆಯನ್ನೂ ಬಳಸುತ್ತಿದ್ದ ಸುಮಾರು 1,900 ಕುಟುಂಬಗಳ ವಿಚಾರಣೆಯನ್ನು ಅನಿಕ್ ಡಿ ಹೌವರ್ ಎಂಬ ವಿದುಷಿಯು 2007ರಲ್ಲಿ ಪ್ರಕಟಿಸಿದರು. ಸುಮಾರು ನಾಲ್ಕರಲ್ಲೊಂದು ಕುಟುಂಬದ ಮಕ್ಕಳು ಆ ಮನೆಮಾತನ್ನು ಆಡುತ್ತಿರಲಿಲ್ಲವೆಂದು ಅದರಿಂದ ತಿಳಿದುಬಂದಿತು. ತಂದೆತಾಯಿಗಳಿಬ್ಬರೂ ಮನೆಯಲ್ಲಿ ಮನೆಮಾತನ್ನೇ ಆಡುತ್ತಿದ್ದಲ್ಲಿ ಬಹುಮಟ್ಟಿಗೆ ಎಲ್ಲ ಮಕ್ಕಳೂ ಅದನ್ನು ಉಳಿಸಿಕೊಂಡಿದ್ದರು. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಬೀದಿಯ ಭಾಷೆಯನ್ನು ಬೀದಿಯೇ ಕಲಿಸುತ್ತದೆ, ಶಾಲೆಯ ಭಾಷೆಯನ್ನು ಶಾಲೆಯೇ ಕಲಿಸುತ್ತದೆ. ಮನೆಮಾತನ್ನು ಕಲಿಸಲು ಮನೆಯ ಹೊರತು ಮತ್ತಾವುದೂ ಇಲ್ಲ.

ನಮ್ಮ ಪರಿಚಿತರಾದ ಒಂದು ಸಂಸಾರ ಸ್ಟುಟ್‌ಗಾರ್ಟ್ ನಗರದ ಸಮೀಪದಲ್ಲಿದೆ. ಅವರ ಮಗನಿಗೆ ನಾಲ್ಕು ವರ್ಷ ತುಂಬುವ ವೇಳೆಗೆ ಮೇಲೆ ಹೇಳಿದ ಸ್ಥಿತಿಯೇ ಒದಗಿತ್ತು. ಒಂದು ದಿನ ಮೈಸೂರಿನಲ್ಲಿರುವ ಅಜ್ಜಿಯೊಡನೆ ಫೋನಿನಲ್ಲಿ ಅವನು ಬಹಳ ಉತ್ಸಾಹದಿಂದ ಏನನ್ನೋ ಹೇಳಿದನು. ಅಜ್ಜಿಗೆ ಒಂದಕ್ಷರವೂ ತಿಳಿಯಲಿಲ್ಲ.

“ಏನಂತೆ ಮಗು?” ಎಂದು ಕೇಳಿದರು.

“ಹೊರಗೆ ಹಿಮ ಬಿದ್ದಿದೆ, ಗುಡ್ಡದ ಮೇಲಿಂದ ಜಾರಿ ಆಡಿ ಬಂದೆ ಅಂತಾನೆ, ಅಮ್ಮಾ” ಎಂದಳು ಮಗಳು.

“ನೀನು ಹೇಳಿದ್ದು ಗೊತ್ತಾಯ್ತು ಕಣೇ. ಅವನು ಹೇಳಿದ್ದು ನನಗೆ ಬೇಕು” ಎಂದರು ಆ ಹಿರಿಯರು. ಅದರಲ್ಲಿ ಆಕ್ಷೇಪಣೆಯಿರಲಿಲ್ಲ, ಆದರೆ ಮಗಳು ಆ ರಾತ್ರಿ ನಿದ್ರೆ ಮಾಡಲಿಲ್ಲ.

ಮುಂದಿನ ಭಾನುವಾರದಿಂದ ಅಜ್ಜಿಯೇ ಒಂದು ಉಪಾಯವನ್ನು ಹಿಡಿದರು. ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಆರಂಭಿಸಿ, ಮನೆ ಕೊಚ್ಚಿಹೋದ ಕಾಗಕ್ಕ ಮಳೆಯಲ್ಲಿ ನೆನೆಯುತ್ತ ಗುಬ್ಬಕ್ಕನ ಬಾಗಿಲು ತಟ್ಟುವ ಸ್ಥಳಕ್ಕೆ ಬಂದು ನಿಲ್ಲಿಸಿದರು. ಹುಡುಗ ಮೊದಲು ಜರ್ಮನ್ ಭಾಷೆಯಲ್ಲಿ ಕೇಳಿದನು. ಅಜ್ಜಿ “ನನಗೆ ತಿಳೀಲಿಲ್ಲಪ್ಪಾ” ಎಂದರು. ಅದು ನಿಜವೂ ಆಗಿತ್ತು. ತಾಯಿ ಬಾಯಿ ಹಾಕಲಿಲ್ಲ. ಬಹಳ ಹೊತ್ತಿನ ಮೇಲೆ ಅವನು “ಅಜ್ಜೀ, ಬಾಗ್ಲು ತೆಗೀತಾ?” ಎಂದನು. ಅಜ್ಜಿ ಕೂಡಲೆ ಉತ್ತರ ಕೊಡದೆ, “ಯಾರು ತೆಗೀಬೇಕು?” ಎಂದು ಮತ್ತೆ ಕೇಳಿದರು. ಹೀಗೆ ಪ್ರತಿವಾರವೂ ನಡೆಯಿತು. ಒಂದು ವರ್ಷದ ಮೇಲೆ ಅವನು ಕನ್ನಡದಲ್ಲಿ ಸುದ್ದಿ ಹೇಳಬಲ್ಲನು. ತಪ್ಪುಗಳು ಇನ್ನೂ ಇವೆ. “ಅಪ್ಪ ಬಂತು” ಎಂದರೆ ಅಜ್ಜಿ ನಗುವುದಿಲ್ಲ, ತಿದ್ದುವುದೂ ಇಲ್ಲ, “ಹೌದೇ? ಅಪ್ಪ ಬಂದರೇ?” ಎನ್ನುವರು. ತಾಯಿತಂದೆಗಳಿಗೆ ಎರಡು ಭಾಷೆಯೂ ತಿಳಿದಿರುವುದರಿಂದ ಮಗುವಿಗೆ ಅವರೊಡನೆ ಕನ್ನಡದ ಅಗತ್ಯ ತೋರದು. ಅಜ್ಜಿಗೆ ಕನ್ನಡವೊಂದೇ ತಿಳಿದಿರುವುದು; ಇಲ್ಲಿ ಅದೇ ಅವರ ದೊಡ್ಡ ಯೋಗ್ಯತೆಯಾಯಿತು.

ಈ ಸಂದರ್ಭದಲ್ಲಿ ಹಳೆಯ ಸಂಗತಿಯೊಂದು ನಮಗೆ ನೆನಪಿಗೆ ಬರುತ್ತದೆ. ಕಳೆದ ಶತಮಾನಕ್ಕೂ ಹಿಂದೆ ಜರ್ಮನಿಯಿಂದ ನಮ್ಮ ನಾಡಿಗೆ ಬಂದ ಬಾಸೆಲ್ ಮಿಷನ್ನಿನ ಪಾದ್ರಿಗಳು ಕನ್ನಡವನ್ನು ಎಷ್ಟು ಶ್ರಮದಿಂದ ಕಲಿತರೆಂಬುದನ್ನು ವಾಚಕರು ಬಲ್ಲರು. ಹರ್ಮನ್ ಮೋಗ್ಲಿಂಗನು 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದನು. ಫರ್ಡಿನೆಂಡ್ ಕಿಟ್ಟೆಲನ ಕನ್ನಡ ನಿಘಂಟು 1894ರಲ್ಲಿ ಅಚ್ಚಾಯಿತು. ಆದರೆ ಆ ಪಾದ್ರಿಗಳ ಸಂಸಾರದಲ್ಲಿ ಒಂದು ದುಃಖವಿತ್ತು. ಇಲ್ಲಿ ಹುಟ್ಟಿದ ತಮ್ಮ ಮಕ್ಕಳನ್ನು ಅವರು ಚಿಕ್ಕ ವಯಸ್ಸಿನಲ್ಲಿಯೇ ಯೂರೋಪಿಗೆ ಕಳುಹಿಸಿ ಅಲ್ಲಿ ಬೆಳೆಸುವುದು ವಾಡಿಕೆಯಾಗಿತ್ತು. ಮಲಯಾಳದ ಪಂಡಿತನಾದ ಹರ್ಮನ್ ಗುಂಡರ್ಟನ ಮಗಳು ಮರಿಯಳು 1842ರಲ್ಲಿ ತಲಚೇರಿಯಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ಯೂರೋಪಿನಲ್ಲಿ ಬಿಡಲ್ಪಟ್ಟು, ಹದಿಹರೆಯದಲ್ಲಿ ಮರಳಿ ತಂದೆತಾಯಿಗಳನ್ನು ಸೇರಿದಳು. ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿ ಆಕೆಯೇ. ಹಡಗಿನ ಕಾಗದವು ತಿಂಗಳುಗಟ್ಟಲೆ ತಡೆದು ಬರುತ್ತಿದ್ದ ಆ ಕಾಲದಲ್ಲಿ ನಡುವಿನ ವರ್ಷಗಳನ್ನು ತುಂಬುವ ಸಾಧನವೇ ಇರಲಿಲ್ಲ. ನಮ್ಮ ಮಕ್ಕಳಿಗೆ ಅಂಥ ಅಗಲಿಕೆಯಿಲ್ಲ. ಮೊಮ್ಮಗುವಿನ ಮುಖವೂ ಧ್ವನಿಯೂ ಕ್ಷಣದಲ್ಲಿ ನಮ್ಮೆದುರಿಗೆ ಬರುತ್ತವೆ. ಮುಖ ಕಂಡು ಮಾತು ತಿಳಿಯದೆಹೋದರೆ ಮಾತ್ರ, ಆ ಸೌಕರ್ಯವಿದ್ದೂ ಅರ್ಧವೇ ದಕ್ಕಿದಂತಾಗುವುದು.

ಈಗ ಕಾರ್ಯಕ್ಕೆ ಬರೋಣ. ಪರದೇಶದಲ್ಲಿರುವ ತಂದೆತಾಯಿಗಳು ಒಂದು ನಿಯಮವನ್ನಿಟ್ಟುಕೊಳ್ಳುವುದು ಒಳ್ಳೆಯದು: ಹೊಸ್ತಿಲ ಒಳಗೆ ಕನ್ನಡ. ಮಗು ಬೇರೆ ಭಾಷೆಯಲ್ಲಿ ಉತ್ತರಿಸಿದರೂ ತಾವು ಕನ್ನಡವನ್ನು ಬಿಡದಿರುವುದು ಮುಖ್ಯ. ಗದರಿಸಿ ಆಡಿಸಿದ ಭಾಷೆ ನಾಲಗೆಯ ಮೇಲೆ ನಿಲ್ಲದು. ಊಟ, ಸ್ನಾನ, ನಿದ್ರೆ, ಈ ಮೂರು ಹೊತ್ತಿನ ಮಾತು ಪೂರ್ತಿಯಾಗಿ ಕನ್ನಡದಲ್ಲಿದ್ದರೆ ಮನೆಯೊಳಗಿನ ಪದಗಳೆಲ್ಲ ಬಂದಂತೆಯೇ. ಆರನೆಯ ವರ್ಷದ ಸುಮಾರಿಗೆ ಅಲ್ಲಿನ ಮಕ್ಕಳು ಶಾಲೆ ಸೇರುವರು. ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಪಾಠ ಹೇಳಲು ಆ ದೇಶದ ಕಾನೂನು ಅವಕಾಶ ಕೊಡುವುದಿಲ್ಲ. ಆದುದರಿಂದ ಜರ್ಮನ್ ಭಾಷೆಯನ್ನು ಶತ್ರುವೆಂದು ಎಣಿಸದೆ, ಅದನ್ನು ಚೆನ್ನಾಗಿಯೇ ಕಲಿಯಲು ಬಿಡತಕ್ಕದ್ದು. ಅದರ ಜೊತೆಗೆ ವಾರದಲ್ಲಿ ಒಂದೆರಡು ಗಂಟೆ ಕನ್ನಡ ಅಕ್ಷರಗಳಿಗೆ ಮೀಸಲಿಟ್ಟರೆ ಸಾಕು. ಊರಿನಲ್ಲಿ ಕನ್ನಡಿಗರ ಸಂಘವಿದ್ದರೆ ಹಬ್ಬದ ಊಟಕ್ಕೆ ಮಾತ್ರವಲ್ಲದೆ ಮಕ್ಕಳು ತಮ್ಮ ತಮ್ಮಲ್ಲಿ ಕನ್ನಡದಲ್ಲಿ ಜಗಳವಾಡುವುದಕ್ಕಾದರೂ ಅಲ್ಲಿಗೆ ಕರೆದೊಯ್ಯಬೇಕು. ದೊಡ್ಡವರೊಡನೆ ಮಾತ್ರ ಆಡುವ ಭಾಷೆಯನ್ನು ಮಕ್ಕಳು ತಮ್ಮದೆಂದು ಬಗೆಯುವುದಿಲ್ಲ.

ಊರಿನಲ್ಲಿರುವ ಹಿರಿಯರ ಪಾಲಿನ ಕೆಲಸವೂ ಸಣ್ಣದಲ್ಲ. ಜರ್ಮನಿಯ ಗಡಿಯಾರವು ನಮ್ಮದಕ್ಕಿಂತ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ಅಲ್ಲಿ ಮಗು ಮಲಗುವ ಏಳು ಗಂಟೆಗೆ ನಮ್ಮಲ್ಲಿ ನಡುರಾತ್ರಿ ಸಮೀಪಿಸಿರುತ್ತದೆ. ಭಾನುವಾರ ಬೆಳಗ್ಗೆ ಅವರಿಗೆ ಒಂಬತ್ತಾದಾಗ ಚಳಿಗಾಲದಲ್ಲಿ ನಮಗೆ ಮಧ್ಯಾಹ್ನ ಒಂದೂವರೆ. ಇಲ್ಲಿ ಊಟ ಮುಗಿದಿರುತ್ತದೆ, ಅಲ್ಲಿ ಅಂಗಡಿ ಬೀದಿಗಳ ಗಲಾಟೆಯಿಲ್ಲ. ಆ ಹೊತ್ತನ್ನು ಗೊತ್ತುಮಾಡಿಕೊಳ್ಳಿರಿ. ‘ಊಟ ಆಯ್ತೇ? ಚಳಿ ಇದೆಯೇ?’ ಎಂಬ ಪ್ರಶ್ನೆಗಳಿಗೆ ಮಗು ತಲೆಯಾಡಿಸಿ ಓಡಿಹೋಗುವುದು. ಕಥೆ ಹೇಳಿರಿ, ಒಗಟು ಕೇಳಿರಿ, ಇಂದು ಹಿತ್ತಲಲ್ಲಿ ಬಿಟ್ಟ ದಾಸವಾಳವನ್ನು ತೋರಿಸಿರಿ. ಪ್ರವಾಸಿಗಳಾಗಿ ಅಲ್ಲಿಗೆ ಹೋಗುವವರು 180 ದಿನಗಳಲ್ಲಿ 90 ದಿನಗಳವರೆಗೆ ಇರಬಹುದು. ಹೋದಾಗ ಹಪ್ಪಳ ಸಂಡಿಗೆಗಳ ಜೊತೆಗೆ ನಾಲ್ಕು ಕನ್ನಡ ಚಿತ್ರಪುಸ್ತಕಗಳನ್ನೂ ಪೆಟ್ಟಿಗೆಯಲ್ಲಿಡಿರಿ. ಮೊಮ್ಮಗು ತಪ್ಪು ಮಾತಾಡಿದರೆ ನೆಂಟರ ಮುಂದೆ ಅದನ್ನು ಅಣಕಿಸಿ ನಗಬೇಡಿರಿ. ಒಮ್ಮೆ ನಾಚಿದ ಮಗು ಆ ಮಾತನ್ನು ಮತ್ತೆ ಆಡಲು ಬಹಳ ದಿನ ಹಿಡಿಯುತ್ತದೆ.

ದಣಿದ ತಂದೆತಾಯಿಗಳ ಮೇಲೆ ದೋಷ ಹೊರಿಸುವುದು ನಮ್ಮ ಉದ್ದೇಶವಲ್ಲ. ಎಷ್ಟೋ ಜನ ಬೀದಿಯೊಂದರಲ್ಲಿ ಹಂಚಿಕೊಂಡು ಮಾಡುತ್ತಿದ್ದ ಕೆಲಸವನ್ನು ಅವರಿಬ್ಬರೇ ಮಾಡುತ್ತಿದ್ದಾರೆ. ಅವರ ಭಾರದಲ್ಲಿ ವಾರಕ್ಕೆ ಅರ್ಧ ಗಂಟೆಯನ್ನಾದರೂ ಊರಿನಲ್ಲಿರುವವರು ಹೊತ್ತುಕೊಳ್ಳಲಿ. ಮೊಮ್ಮಕ್ಕಳಿರುವ ಪ್ರತಿಯೊಂದು ಮನೆಯಲ್ಲಿಯೂ ಬರುವ ಭಾನುವಾರ ಒಂದು ಕಥೆ ಆರಂಭವಾಗಿ, ಅರ್ಧಕ್ಕೆ ನಿಲ್ಲಲಿ.