ಬಾಗಿಲು ತಟ್ಟುವವರು ಯಾರು?

ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಮನೆಗಳು ದೊಡ್ಡದಾಗಿವೆ, ಮನೆಯೊಳಗಿನ ಮಂದಿ ಕಡಿಮೆಯಾಗಿದ್ದಾರೆ. ಮಕ್ಕಳು ದುಬೈ, ಕುವೈಟ್, ಕೆನಡಾ, ಬೆಂಗಳೂರು ಎಂದು ಹೊರಟುಹೋದ ಮೇಲೆ ಐದು ಕೋಣೆಯ ಮನೆಯಲ್ಲಿ ಒಬ್ಬಳೇ ತಾಯಿ, ಒಂದು ನಾಯಿ, ಒಂದು ಮೊಬೈಲ್ ಫೋನ್! ಇಂತಹ ಮನೆಯಿಲ್ಲದ ವಾಳೆ ಇಂದು ಎಲ್ಲಿದೆ?

ಕೆಲವು ವರ್ಷಗಳ ಹಿಂದೆ ನಾವು ಸೇವೆ ಸಲ್ಲಿಸುತ್ತಿದ್ದ ಒಂದು ಧರ್ಮಕೇಂದ್ರದಲ್ಲಿ, ತಿಂಗಳ ಮೊದಲ ಶುಕ್ರವಾರ ಎಂದಿನಂತೆ ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ದಿದ್ದೆವು. ಒಬ್ಬ ಅಜ್ಜಿಯ ಮನೆಯ ಬಾಗಿಲು ತೆರೆಯಲಿಲ್ಲ. ಹಿಂಬಾಗಿಲಿನಿಂದ ಒಳಹೊಕ್ಕು ನೋಡಿದರೆ ಬಚ್ಚಲಿನ ಬಳಿ ಬಿದ್ದಿದ್ದರು. ಬಿದ್ದದ್ದು ಹಿಂದಿನ ದಿನ ಬೆಳಿಗ್ಗೆ. ದೇವರ ದಯೆಯಿಂದ ಜೀವ ಉಳಿಯಿತು. "ನಾಳೆ ಮೊದಲ ಶುಕ್ರವಾರ, ಫಾದರ್ ಬಂದೇ ಬರುತ್ತಾರೆ ಎಂದು ಗಂಟೆ ಎಣಿಸುತ್ತಿದ್ದೆ" ಎಂದು ಆಸ್ಪತ್ರೆಯಲ್ಲಿ ಹೇಳಿದರು. ಅದು ಎರಡನೇ ಶುಕ್ರವಾರವಾಗಿದ್ದರೆ?

ಆ ವಾಳೆಯ ಸಭೆ ಹಿಂದಿನ ಭಾನುವಾರವಷ್ಟೇ ನಡೆದಿತ್ತು. ಅಜ್ಜಿ ಏಕೆ ಬರಲಿಲ್ಲ ಎಂದು ಯಾರೂ ಕೇಳಿರಲಿಲ್ಲ. ವರದಿ ಪುಸ್ತಕದಲ್ಲಿ ಹಬ್ಬದ ವಂತಿಗೆಯ ಲೆಕ್ಕ ಮಾತ್ರ ಪೈಸೆಗೆ ಪೈಸೆ ಸರಿಯಾಗಿತ್ತು. ಆ ಪುಸ್ತಕಕ್ಕೆ ಸಹಿ ಹಾಕಿದವರು ನಾವೇ.

ಗುರಿಕಾರರನ್ನು ದೂರುವುದು ನಮ್ಮ ಉದ್ದೇಶವಲ್ಲ. ರಶೀದಿ ಪುಸ್ತಕ ಕೊಟ್ಟು ಕಳುಹಿಸಿದವರು ನಾವು. ಅವರು ರಶೀದಿ ಪುಸ್ತಕದೊಂದಿಗೇ ಹೋದರು. ಇಂದು ಗುರಿಕಾರರು ಗೇಟು ತೆರೆದರೆ "ಎಷ್ಟು ಕೊಡಬೇಕು?" ಎಂಬುದೇ ಮೊದಲ ಪ್ರಶ್ನೆಯಾಗಿಬಿಟ್ಟಿದೆ.

ಆದಿ ಕ್ರೈಸ್ತಸಭೆಯಲ್ಲಿಯೂ ಇಂತಹ ದೂರು ಎದ್ದಿತ್ತು. ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ಗೊಣಗಾಟವನ್ನು ಪ್ರೇಷಿತರ ಕಾರ್ಯಕಲಾಪಗಳ ಆರನೇ ಅಧ್ಯಾಯದಲ್ಲಿ ಓದುತ್ತೇವೆ. ಪ್ರೇಷಿತರು ಪ್ರೀತಿಯ ಬಗ್ಗೆ ಇನ್ನೊಂದು ಪ್ರಬೋಧನೆ ಕೊಟ್ಟು ಸುಮ್ಮನಾಗಲಿಲ್ಲ. ಸ್ತೇಫನ, ಫಿಲಿಪ್ಪ ಎಂದು ಹೆಸರು ಹಿಡಿದು ಏಳು ಮಂದಿಯನ್ನು ನೇಮಿಸಿದರು. ಎಲ್ಲರ ಕೆಲಸ ಯಾರ ಕೆಲಸವೂ ಅಲ್ಲ ಎಂಬುದು ಅವರಿಗೆ ಗೊತ್ತಿತ್ತು! 1833ರಲ್ಲಿ ಪ್ಯಾರಿಸ್‌ನಲ್ಲಿ ಇಪ್ಪತ್ತರ ಹರೆಯದ ಫ್ರೆಡರಿಕ್ ಒಝನಾಮ್ ಮತ್ತು ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯಲ್ಲಿಯೂ ಮನೆಭೇಟಿಯೇ ಮುಖ್ಯ. ಇಬ್ಬರು ಜೊತೆಯಾಗಿ ಹೋಗುವುದು, ಕುಳಿತು ಮಾತನಾಡುವುದು.

ಜಗದ್ಗುರು ಫ್ರಾನ್ಸಿಸ್ 2021ರಲ್ಲಿ ಅಜ್ಜ-ಅಜ್ಜಿಯರ ಹಾಗೂ ಹಿರಿಯರ ವಿಶ್ವ ದಿನವನ್ನು ಜುಲೈ ತಿಂಗಳ ನಾಲ್ಕನೇ ಭಾನುವಾರಕ್ಕೆ ಸ್ಥಾಪಿಸಿದರು. 2025ರ ಸಂದೇಶದಲ್ಲಿ ಜಗದ್ಗುರು ಹದಿನಾಲ್ಕನೇ ಲಿಯೋ ಹಿರಿಯರನ್ನು ಆಗಾಗ ಭೇಟಿಮಾಡುವ ಹೊಣೆಯನ್ನು ಧರ್ಮಕೇಂದ್ರಗಳಿಗೇ ವಹಿಸಿದರು. ಆ ಜೂಬಿಲಿ ವರ್ಷದಲ್ಲಿ ಒಂಟಿ ಹಿರಿಯರ ಭೇಟಿಯನ್ನು ಒಂದು ತೀರ್ಥಯಾತ್ರೆಯಂತೆಯೇ ಪರಿಗಣಿಸಲಾಗಿತ್ತು. ನಮ್ಮಲ್ಲಿ ಏನಾಯಿತು? ಬಲಿಪೂಜೆ, ಶಾಲು, ಗುಲಾಬಿ, ಫೋಟೊ. ಚರ್ಚಿಗೆ ಬರಲಾರದ ಹಿರಿಯರಿಗೆ ಗುಲಾಬಿಯೂ ಸಿಗಲಿಲ್ಲ.

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಮಕ್ಕಳಿಂದ ಜೀವನಾಂಶ ಕೊಡಿಸಬಲ್ಲದು. 14567 ಸಂಖ್ಯೆಗೆ ಕರೆ ಮಾಡಿದರೆ ಹಿರಿಯರ ಸಹಾಯವಾಣಿಯವರು ಮಾಹಿತಿ, ಮಾರ್ಗದರ್ಶನ ಕೊಡುತ್ತಾರೆ. ಈ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಅವರ ಫೋನಿನ ಪಕ್ಕ ಅಂಟಿಸಿಕೊಡಿ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಕೊರತೆ ಹಣದ್ದಲ್ಲ. ತಿಂಗಳು ತಿಂಗಳು ಹಣ ಬರುತ್ತದೆ, ಮಾತನಾಡಿಸುವವರು ಬರುವುದಿಲ್ಲ. ಮೊಂತಿ ಫೆಸ್ತಿಗೆ ಆಶೀರ್ವದಿಸಿದ ತೆನೆಯನ್ನು ಲಕೋಟೆಯಲ್ಲಿಟ್ಟು ಗಲ್ಫಿಗೆ ಕಳುಹಿಸುತ್ತೇವೆ. ಬೇಲಿಯಾಚೆಯ ಅಜ್ಜಿ ಹೊಸ ಅಕ್ಕಿಯ ಊಟವನ್ನು ಒಬ್ಬರೇ ಉಣ್ಣುತ್ತಾರೆ.

ಪ್ರತಿ ವಾಳೆಯಲ್ಲಿ ಒಂಟಿಯಾಗಿರುವವರ ಪಟ್ಟಿಯೊಂದನ್ನು ಮಾಡಿ, ಪ್ರತಿ ಹೆಸರಿನ ಮುಂದೆ ಇಬ್ಬರ ಹೆಸರು ಬರೆಯಬೇಕು. ವಂತಿಗೆಯ ಲೆಕ್ಕಕ್ಕೆ ಮುಂಚೆ ಆ ಪಟ್ಟಿಯನ್ನು ಓದಬೇಕು. ಧರ್ಮಗುರುಗಳ ಹೆಸರೂ ಅದರಲ್ಲಿರಲಿ.

ಆ ಅಜ್ಜಿ ಬಿದ್ದ ಮೇಲೆ ಆ ವಾಳೆಯಲ್ಲಿ ಹಾಗೆ ಮಾಡಿದೆವು. ಹಾಲಿನ ಡಿಪೋಗೆ ಹೋಗುವ ಒಬ್ಬ ಯುವಕ ದಿನಾ ಬೆಳಿಗ್ಗೆ ಗೇಟಿನ ಬಳಿ ನಿಂತು ಕೂಗುತ್ತಿದ್ದ. ಅಜ್ಜಿ ಒಳಗಿಂದಲೇ, "ಇದ್ದೇನೆ ಮಗಾ, ಹೋಗು" ಎನ್ನುತ್ತಿದ್ದರು.