ಪಕ್ಕವಾದ್ಯದವರ ತೂಕ

ಕಛೇರಿ ಮುಗಿದ ಮೇಲೆ ಗಾಯಕರ ಹೆಸರನ್ನು ಎಲ್ಲರೂ ಹೇಳುತ್ತಾರೆ. ಮೃದಂಗ ನುಡಿಸಿದವರಾರೆಂದು ಕೇಳಿದರೆ ಸಭೆಯ ಅರ್ಧ ಮಂದಿ ತಡವರಿಸುತ್ತಾರೆ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಕೂಟವಾದ ಎನ್.ಬಿ.ಎ.ಯಲ್ಲಿಯೂ ಇದೇ ಸ್ಥಿತಿ. ಬಿಲ್ ರಸೆಲ್, ಲ್ಯಾರಿ ಬರ್ಡ್, ಮೈಕೆಲ್ ಜೋರ್ಡಾನ್ ಇವರಲ್ಲಿ ಹಿರಿಯರು ಯಾರೆಂಬ ವಾದಕ್ಕೆ ಕೊನೆಯೆಂಬುದಿಲ್ಲ. ಈ ಆಟದ ಗೀಳು ಹತ್ತಿದ ಮಕ್ಕಳಿರುವ ಮನೆಯವರಿಗೆ ಅದು ಚೆನ್ನಾಗಿ ಗೊತ್ತು. ಆದರೆ ಅವರ ಮಗ್ಗುಲಲ್ಲಿ ನಿಂತು ಆಡಿದ ಎರಡನೆಯವರಲ್ಲಿ ಯಾರು ಮೇಲು? ಈ ಸಲ ಆ ಪ್ರಶ್ನೆಯನ್ನು ಕೈಗೆತ್ತಿಕೊಳ್ಳೋಣ.

ಅಂಕಗಳ ಪಟ್ಟಿಯನ್ನು ಹಿಡಿದು ಹೊರಟರೆ ನ್ಯಾಯ ದೊರೆಯದು. 1960ರ ಸುಮಾರಿಗೆ ಎನ್.ಬಿ.ಎ.ಯಲ್ಲಿ ಇದ್ದುದು ಎಂಟೇ ತಂಡಗಳು. 1990ರ ದಶಕದ ಆರಂಭಕ್ಕೆ ಅವು 27 ಆಗಿದ್ದವು. ದೂರದ ಎಸೆತಕ್ಕೆ ಮೂರು ಅಂಕ ಕೊಡುವ ನಿಯಮ ಅಲ್ಲಿ ಜಾರಿಗೆ ಬಂದದ್ದು 1979-80ರಲ್ಲಿ. ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಎದುರಾಳಿಯ ಕೈಯಿಂದ ಚೆಂಡನ್ನು ಕಸಿದುದನ್ನೂ ಅವನ ಎಸೆತವನ್ನು ತಡೆದುದನ್ನೂ ಲೆಕ್ಕವಿಡುವ ಪದ್ಧತಿಯೇ 1973-74ರವರೆಗೆ ಇರಲಿಲ್ಲ. ಎರಡನೆಯವನ ದುಡಿಮೆಯ ಬಹುಭಾಗ ಇಂಥದೇ ಅಲ್ಲವೆ? 1965ರ ಏಪ್ರಿಲ್‌ನಲ್ಲಿ ಬಾಸ್ಟನ್ ಸೆಲ್ಟಿಕ್ಸ್ ತಂಡದ ಜಾನ್ ಹ್ಯಾವ್ಲಿಚೆಕ್ ಫಿಲಡೆಲ್ಫಿಯಾದವರು ಒಳಗೆಸೆದ ಚೆಂಡನ್ನು ಕೊನೆಯ ಕ್ಷಣದಲ್ಲಿ ಕಸಿದರು. ತಂಡ 110-109ರಿಂದ ಗೆದ್ದು ಅಂತಿಮ ಸುತ್ತಿಗೆ ನಡೆಯಿತು. ಅಮೆರಿಕದಲ್ಲಿ ಮನೆಮಾತಾದ ಆ ಕಸಿತಕ್ಕೆ ಲೆಕ್ಕದ ಪುಸ್ತಕದಲ್ಲಿ ಒಂದು ಗೀಟೂ ಇಲ್ಲ.

ಆದುದರಿಂದ ನಾವು ಬೇರೊಂದು ಅಳತೆಯನ್ನು ಹಿಡಿಯುತ್ತೇವೆ. ಮೊದಲನೆಯವನು ಇಲ್ಲದ ವರ್ಷ ಎರಡನೆಯವನು ತಂಡವನ್ನು ಎಲ್ಲಿಯವರೆಗೆ ಎಳೆದನು? ಅದೃಷ್ಟವಶಾತ್ ಮೂರು ಕಾಲಗಳಿಂದಲೂ ಅಂಥ ಒಂದೊಂದು ವರ್ಷ ನಮಗೆ ಸಿಗುತ್ತದೆ. ಮೂರರಲ್ಲಿಯೂ ವರ್ಷಕ್ಕೆ 82 ಪಂದ್ಯಗಳೇ.

ರಸೆಲ್ 1969ರಲ್ಲಿ ನಿವೃತ್ತರಾದರು. ಹಿಂದಿನ ವರ್ಷ 48 ಗೆದ್ದು 34 ಸೋತಿದ್ದ ಸೆಲ್ಟಿಕ್ಸ್, ಮರುವರ್ಷ 34 ಗೆದ್ದು 48 ಸೋತಿತು. ಸಂಖ್ಯೆಗಳು ಅದಲುಬದಲಾದವು! ಹ್ಯಾವ್ಲಿಚೆಕ್ ಪಂದ್ಯವೊಂದಕ್ಕೆ ಸರಾಸರಿ 24 ಅಂಕ ಗಳಿಸಿದರೂ ತಂಡ ಉಳಿಯಲಿಲ್ಲ. ಆದರೆ ರಸೆಲ್ ಕೇವಲ ಆಟಗಾರರಾಗಿರಲಿಲ್ಲ, ತಂಡದ ತರಬೇತುದಾರರೂ ಅವರೇ ಆಗಿದ್ದರೆಂಬುದನ್ನು ಮರೆಯಬಾರದು. ಹ್ಯಾವ್ಲಿಚೆಕ್ ಅಲ್ಲಿಗೇ ನಿಲ್ಲಲೂ ಇಲ್ಲ. 1974 ಮತ್ತು 1976ರಲ್ಲಿ ಹೊಸಬರೊಡನೆ ಮತ್ತೆರಡು ಪ್ರಶಸ್ತಿ ಗೆದ್ದರು.

ಅದೇ ತಂಡದಲ್ಲಿ 1980ರ ದಶಕದಲ್ಲಿ ಬರ್ಡ್ ಅವರ ಜೊತೆಗಿದ್ದವರು ಕೆವಿನ್ ಮ್ಯಾಕ್‌ಹೇಲ್. 1985ರ ಮಾರ್ಚ್ 3ರಂದು ಅವರು 56 ಅಂಕ ಗಳಿಸಿ ತಂಡದ ದಾಖಲೆ ಬರೆದರು. ಒಂಬತ್ತೇ ದಿನದಲ್ಲಿ ಬರ್ಡ್ 60 ಗಳಿಸಿ ಅದನ್ನು ಅಳಿಸಿದರು! ಎರಡನೆಯವನ ಹಣೆಬರಹವೆಂದರೆ ಇದು. 1988ರಲ್ಲಿ ಬರ್ಡ್ ಆರು ಪಂದ್ಯಗಳನ್ನಾಡಿ ಹಿಮ್ಮಡಿಯ ಶಸ್ತ್ರಚಿಕಿತ್ಸೆಗೆ ಹೋದರು. ಹಿಂದಿನ ವರ್ಷ 57 ಗೆದ್ದಿದ್ದ ತಂಡ 42ಕ್ಕೆ ಇಳಿಯಿತು. ಮ್ಯಾಕ್‌ಹೇಲ್ ಚೆನ್ನಾಗಿಯೇ ಆಡಿದರು; ಬುಟ್ಟಿಯ ಕೆಳಗೆ ಅವರಷ್ಟು ಚತುರರು ವಿರಳ. ಆದರೆ ಆಟವನ್ನು ಹೂಡುವವರು ಅವರಾಗಿರಲಿಲ್ಲ.

ಇನ್ನು ಷಿಕಾಗೋ ಬುಲ್ಸ್ ತಂಡದ ಸ್ಕಾಟಿ ಪಿಪ್ಪೆನ್. ಅರ್ಕನ್ಸಾ ರಾಜ್ಯದ ಸಣ್ಣ ಊರೊಂದರಲ್ಲಿ ಹನ್ನೆರಡು ಮಕ್ಕಳ ಬಡಕುಟುಂಬದ ಕೊನೆಯ ಕೂಸು. ಕಾಲೇಜಿನಲ್ಲಿ ಮೊದಲು ತಂಡದ ಸಾಮಾನು ಸರಂಜಾಮು ನೋಡಿಕೊಳ್ಳುವ ಹುಡುಗ. 1993ರ ಅಕ್ಟೋಬರಿನಲ್ಲಿ ಜೋರ್ಡಾನ್ ಹಠಾತ್ತನೆ ಆಟ ಬಿಟ್ಟಾಗ ಬುಲ್ಸ್ ಕಥೆ ಮುಗಿಯಿತೆಂದೇ ಬಹುಮಂದಿ ಎಣಿಸಿದರು. ಹಿಂದಿನ ವರ್ಷ ಆ ತಂಡ ಗೆದ್ದುದು 57. ಜೋರ್ಡಾನ್ ಇಲ್ಲದೆ ಗೆದ್ದುದು 55. ಹೊಸಬರ ನೆರವಿತ್ತು, ನಿಜ. ಆದರೂ ತಂಡದಲ್ಲಿ ಹೆಚ್ಚು ಅಂಕ ಗಳಿಸಿದವರು, ಹೆಚ್ಚು ಅಂಕ ಗಳಿಸಿಕೊಟ್ಟವರು, ಹೆಚ್ಚು ಚೆಂಡು ಕಸಿದವರು ಎಲ್ಲರೂ ಪಿಪ್ಪೆನ್ ಒಬ್ಬರೇ. ನಮ್ಮ ಅಳತೆಯಲ್ಲಿ ಅವರೇ ಮೇಲು.

ಆ ವರ್ಷದ್ದೇ ಒಂದು ಕಲೆಯೂ ಅವರ ಹೆಸರಿಗೆ ಅಂಟಿದೆ. 1994ರ ಮೇ ತಿಂಗಳು, ನ್ಯೂಯಾರ್ಕ್ ತಂಡದೊಡನೆ ಪಂದ್ಯ. ಅಂಕ 102-102, ಉಳಿದುದು 1.8 ಸೆಕೆಂಡು. ಕೊನೆಯ ಎಸೆತವನ್ನು ತರಬೇತುದಾರರು ಟೋನಿ ಕುಕೋಚ್ ಎಂಬ ಹೊಸಬನಿಗೆ ವಹಿಸಿದರು. ಪಿಪ್ಪೆನ್ ಮುನಿಸಿಕೊಂಡು ಅಂಗಳಕ್ಕಿಳಿಯಲು ಒಪ್ಪಲಿಲ್ಲ. ಕುಕೋಚ್ ಎಸೆದರು, ಚೆಂಡು ಬುಟ್ಟಿಗೆ ಬಿತ್ತು, ತಂಡ ಗೆದ್ದಿತು. ತಪ್ಪು ತಪ್ಪೇ. ಆದರೆ ಆರು ವರ್ಷ ಕೊನೆಯ ಎಸೆತವನ್ನು ಜೋರ್ಡಾನ್‌ಗೆ ಬಿಟ್ಟುಕೊಟ್ಟು, ತನ್ನ ಸರದಿ ಬಂದಾಗಲೂ ಅದು ಇನ್ನೊಬ್ಬರಿಗೆ ಹೋದದ್ದನ್ನು ಕಂಡವನ ಹೊಟ್ಟೆಯ ಉರಿಯನ್ನು ಟೀಕಾಕಾರರು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಮುಂದೆ 1998ರಲ್ಲಿ ಆರನೆಯ ಪ್ರಶಸ್ತಿ ಗೆದ್ದಾಗಲೂ, ಹಳೆಯ ಒಪ್ಪಂದಕ್ಕೆ ಕಟ್ಟುಬಿದ್ದಿದ್ದ ಅವರಿಗಿಂತ ಹೆಚ್ಚು ಸಂಬಳ ಪಡೆಯುತ್ತಿದ್ದ ಆಟಗಾರರು ಎನ್.ಬಿ.ಎ.ಯಲ್ಲಿ ನೂರಕ್ಕೂ ಮಿಕ್ಕಿ ಇದ್ದರು.

ನಮ್ಮ ತಕ್ಕಡಿಗೆ ಏರದ ಒಬ್ಬರು ಉಳಿದರು, ರಸೆಲ್ ಜೊತೆಗಾರ ಸ್ಯಾಮ್ ಜೋನ್ಸ್. ಚೆಂಡನ್ನು ಹಲಗೆಗೆ ತಾಗಿಸಿ ಬುಟ್ಟಿಗೆ ಇಳಿಸುವುದರಲ್ಲಿ ಅವರದು ಎತ್ತಿದ ಕೈ. ಅವರು ಗೆದ್ದ ಪ್ರಶಸ್ತಿಗಳು ಹತ್ತು, ಎನ್.ಬಿ.ಎ.ಯಲ್ಲಿ ಅದಕ್ಕಿಂತ ಹೆಚ್ಚು ಗೆದ್ದ ಆಟಗಾರರೆಂದರೆ ಹನ್ನೊಂದು ಗೆದ್ದ ರಸೆಲ್ ಒಬ್ಬರೇ. ಇಬ್ಬರೂ 1969ರಲ್ಲಿ ಒಟ್ಟಿಗೇ ನಿವೃತ್ತರಾದ್ದರಿಂದ, ರಸೆಲ್ ಇಲ್ಲದ ವರ್ಷ ಜೋನ್ಸ್ ಪಾಲಿಗೆ ಬರಲೇ ಇಲ್ಲ.